ಸೋಮವಾರದವರೆಗೆ ಕಾಯುವ ತೆಂಚಾ

ಮಂಗಳವಾರ ಅಂಗಡಿಗೆ ಹೋಗಿ, ಅಂದೇ ದುಡ್ಡು ಕೊಟ್ಟು, ಅಂದೇ ಬಟ್ಟೆ ತರುವವರನ್ನು ಕಂಡರೆ ತೆಂಚಾಳಿಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು. ಕೈಕಾಲೆಲ್ಲ ನೆಟ್ಟಗಿದ್ದು ತಲೆಯೊಂದು ಕೈಕೊಟ್ಟವರು ಎಂಬುದು ಅವಳ ಅಭಿಪ್ರಾಯ. ಶೇಲಾ ಊರಿನ 'ಲಾ ಬೆಂದಿಸಿಯೋನ್' ಪಾಕಾದಲ್ಲಿ, ಅಂದರೆ ಉತ್ತರದ ಅನುಕೂಲಸ್ಥರು ಉಟ್ಟು ಬಿಸಾಡಿದ ಬಟ್ಟೆಯ ಮೂಟೆಗಳನ್ನು ತರಿಸಿ ಮಾರುವ ಅಂಗಡಿಯಲ್ಲಿ, ಹೊಸ ಮೂಟೆ ಬಿಚ್ಚುವುದು ಮಂಗಳವಾರ. ಅಂದು ಬೆಲೆ ಆಕಾಶದಲ್ಲಿರುತ್ತದೆ. ಬುಧವಾರ ಒಂದು ಮೆಟ್ಟಿಲು ಇಳಿಯುತ್ತದೆ, ಗುರುವಾರ ಇನ್ನೊಂದು. ಹೀಗೆ ಇಳಿದಿಳಿದು ಸೋಮವಾರದ ಹೊತ್ತಿಗೆ ಕೋಟಾದರೂ ಅಷ್ಟೇ, ಕಾಲುಚೀಲವಾದರೂ ಅಷ್ಟೇ, ಐದು ಕೆಟ್ಸಾಲ್. ಸೋಮವಾರ ಸಂಜೆ ಉಳಿದದ್ದನ್ನು ಗೋಣಿಗೆ ತುರುಕಿ ಚಿಂದಿ ವ್ಯಾಪಾರಿಗೆ ತೂಕದ ಮೇಲೆ ಸಾಗಹಾಕುತ್ತಾರೆ.

ಹಾಗಾದರೆ ಸೋಮವಾರವೇ ಹೋದರಾಯಿತಲ್ಲ ಎನ್ನುವವರು ಪಾಕಾದ ಹೊಸಿಲು ದಾಟಿದವರಲ್ಲ. ಸೋಮವಾರ ಅಲ್ಲಿ ಬಿದ್ದಿರುವುದು ಗುಂಡಿಯಿಲ್ಲದ ಅಂಗಿ, ಜಿಪ್ಪು ಕಿತ್ತ ಪ್ಯಾಂಟು, ಒಂಟಿ ಬೂಟು, ಮತ್ತು ಯಾವುದೋ ಊರಿನ ಯಾರದೋ ಮನೆಯವರು ಒಟ್ಟಿಗೆ ಊಟ ಮಾಡಿದ ನೆನಪಿಗೆ ಅಚ್ಚು ಹಾಕಿಸಿದ ಟೀ ಶರ್ಟುಗಳು. ನಮ್ಮ ಬೀದಿಯ ಗಾರೆ ಕೆಲಸದವನೊಬ್ಬ ಎರಡು ವರ್ಷ ಹಾಕಿಕೊಂಡು ತಿರುಗಿದ ಶರ್ಟಿನ ಮೇಲೆ 'ನಾನು ಅಜ್ಜಿಯಾಗುತ್ತಿದ್ದೇನೆ' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅದನ್ನು ಓದಿ ಹೇಳಿದ ಮೇಷ್ಟರ ಮೇಲೆ ಅವನಿಗೆ ಇಂದಿಗೂ ಸಿಟ್ಟಿದೆ.

ಅಸಲಿ ವಿದ್ಯೆ ಬೇರೆ. ಒಳ್ಳೆಯದನ್ನು ಮಂಗಳವಾರವೇ ಪತ್ತೆ ಮಾಡಬೇಕು, ಅಂಗಡಿಯೊಳಗೇ ಯಾರ ಕಣ್ಣಿಗೂ ಬೀಳದ ಕಡೆ ಬಚ್ಚಿಡಬೇಕು, ದಿನಾ ಹೋಗಿ ಇದೆಯೋ ಇಲ್ಲವೋ ಹಣಿಕಿ ನೋಡಿ ಬರಬೇಕು, ಸೋಮವಾರ ಐದು ಕೆಟ್ಸಾಲ್ ಬಿಸಾಡಿ ಎತ್ತಿಕೊಂಡು ಬರಬೇಕು. ಶೇಲಾದ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಇದನ್ನು ಬಲ್ಲರು. ತೆಂಚಾ ಅವರಿಗೆಲ್ಲ ಗುರು. ಉಣ್ಣೆಯ ಸ್ವೆಟರನ್ನು ಅವಳು ಗಂಡಸರ ಈಜುಚಡ್ಡಿಗಳ ಗುಡ್ಡೆಯಡಿ ಹೂಳುತ್ತಿದ್ದಳು. ಬೆಳಿಗ್ಗೆ ನಲ್ಲಿಯ ನೀರು ಹೆಪ್ಪುಗಟ್ಟುವ ಈ ಊರಿನಲ್ಲಿ ಈಜುಚಡ್ಡಿಗೆ ಕೈಹಾಕುವ ಧೈರ್ಯ ಯಾರಿಗಿದೆ?

ತೆಂಚಾಳಿಗೆ ಐವತ್ತನಾಲ್ಕು. ಗಿಡ್ಡ ಆಳು, ಅಗಲ ಭುಜ, ಬಾಯಲ್ಲಿ ಯಾವಾಗಲೂ ಒಂದೆರಡು ಗುಂಡುಸೂಜಿ. ಪಾಕಾದ ಬಟ್ಟೆಗಳನ್ನು ಬಿಚ್ಚಿ ಊರಿನವರ ಅಳತೆಗೆ ಮತ್ತೆ ಹೊಲಿದುಕೊಡುವುದು ಅವಳ ಕಸುಬು. ಗಂಡ ಬಹಳ ಹಿಂದೆಯೇ ಕರಾವಳಿಯ ಕಬ್ಬಿನ ತೋಟಕ್ಕೆ ದುಡಿಯಲು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಅವನ ವಿಷಯ ಯಾರಾದರೂ ಎತ್ತಿದರೆ "ಅದು ಸೋಮವಾರದ ಮಾಲು ಬಿಡಿ, ನಾನು ಮಂಗಳವಾರದ ಬೆಲೆ ಕೊಟ್ಟುಬಿಟ್ಟಿದ್ದೆ" ಎಂದು ಸೂಜಿಗೆ ದಾರ ಪೋಣಿಸುತ್ತಿದ್ದಳು. ಬಹುಶಃ ಅಂದಿನಿಂದಲೇ ಅವಳು ಯಾವುದಕ್ಕೂ ಮೊದಲ ದಿನದ ಬೆಲೆ ಕೊಡುವುದನ್ನು ಬಿಟ್ಟಳು.

ಬೀದಿಯ ಹೆಂಗಸರು ಅವಳನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ದಾರಿಯುದ್ದಕ್ಕೂ ಪಾಠ.

"ಮೊದ್ಲು ಮೂಗು, ಆಮೇಲೆ ಕಣ್ಣು. ಕಂಕುಳ ಮೂಸಿ ನೋಡಿ. ಬೆವರಿನ ವಾಸನೆ ಒಗೆದ್ರೆ ಹೋಗುತ್ತೆ, ಬೆಕ್ಕಿನ ಉಚ್ಚೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಹೋಗಲ್ಲ. ಚೀಟಿ ಮೇಲಿನ ಅಳತೆ ಎಲ್ಲಾ ಸುಳ್ಳು. ಪ್ಯಾಂಟಿನ ಸೊಂಟ ನಿಮ್ಮ ಕತ್ತಿನ ಸುತ್ತ ಬಂತು ಅಂದ್ರೆ ಸೊಂಟಕ್ಕೂ ಬಂತು ಅಂತಲೇ ಅರ್ಥ. ತೊಡೆಸಂದಿ ಬೆಳಕಿಗೆ ಹಿಡೀರಿ, ನಾಚ್ಕೋಬೇಡಿ. ಒಳ್ಳೇದು ಸಿಕ್ಕಿದ ತಕ್ಷಣ ಹಲ್ಲು ಬಿಡಬೇಡ್ರೀ ಮಾರಾಯ್ತೀರಾ! ಮುಖ ಹುಣಸೆಹಣ್ಣು ತಿಂದ ಹಾಗೆ ಇರಲಿ. ಆಮೇಲೆ, ಸತ್ತರೂ ಸರಿ, ನಿಮ್ಮ ಮೈಮೇಲಿನ ಸ್ವೆಟರ್ ಬಿಚ್ಚಿ ಪಕ್ಕಕ್ಕಿಡಬೇಡಿ."

ಕೊನೆಯ ಮಾತು ಅವಳ ತಮ್ಮನ ಹೆಂಡತಿ ರುಬಿದಿಯಾಳನ್ನು ಕುರಿತದ್ದು. ರುಬಿದಿಯಾ ಪಕ್ಕದ ಮನೆಯಲ್ಲೇ ಇರುವವಳು. ಹೊಸ ಬಟ್ಟೆಯಲ್ಲದೆ ಬೇರೇನೂ ಮೈಗೆ ತಾಗಿಸುವುದಿಲ್ಲ ಎಂದು ಜಂಬ ಕೊಚ್ಚುತ್ತಿದ್ದವಳು ಒಮ್ಮೆ ಕುತೂಹಲ ತಡೆಯಲಾರದೆ ಪಾಕಾಕ್ಕೆ ಬಂದಿದ್ದಳು. ಒಂದು ಕೆಂಪು ಕೋಟು ಹಾಕಿ ನೋಡಲೆಂದು ತನ್ನ ಹೊಚ್ಚ ಹೊಸ ಸ್ವೆಟರ್ ಬಿಚ್ಚಿ ಹ್ಯಾಂಗರಿಗೆ ತಗುಲಿಸಿದಳು. ಅಂಗಡಿಯಲ್ಲಿ ಕನ್ನಡಿ ಬೇರೆ ಇಲ್ಲ. ತನ್ನ ಬೆನ್ನು ತಾನೇ ನೋಡಿಕೊಳ್ಳಲು ಬುಗುರಿಯಂತೆ ಎರಡು ಸುತ್ತು ಸುತ್ತುವಷ್ಟರಲ್ಲಿ ಯಾರೋ ಪುಣ್ಯಾತ್ಗಿತ್ತಿ ಅವಳ ಸ್ವೆಟರನ್ನು ಹನ್ನೆರಡು ಕೆಟ್ಸಾಲಿಗೆ ಕೊಂಡು ಬಸ್ಸು ಹತ್ತಿದ್ದಳು. ರುಬಿದಿಯಾ ಅಂದಿನಿಂದ ಪಾಕಾದ ಹೆಸರೆತ್ತಿದರೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾಳೆ.

ಇಷ್ಟೆಲ್ಲ ಬಲ್ಲ ತೆಂಚಾ ಜೀವನದಲ್ಲಿ ಒಮ್ಮೆ ಮಾತ್ರ ಎಡವಿದಳು. ಅದೂ ಹೆತ್ತಪ್ಪನ ವಿಷಯದಲ್ಲಿ.

ಅವಳಪ್ಪ ಮಕಾರಿಯೋ, ಊರಿನವರ ಮರ್ಯಾದೆಯ ಬಾಯಲ್ಲಿ ದೋನ್ ಮಕಾರಿಯೋ, ಶವಪೆಟ್ಟಿಗೆ ಮಾಡುವ ಬಡಗಿ. ಐವತ್ತೆರಡು ವರ್ಷ ಊರಿನವರಿಗೆಲ್ಲ ಕೊನೆಯ ಮನೆ ಕಟ್ಟಿಕೊಟ್ಟವನು. ಐದಡಿಗೆ ದೇವರು ಕೈತೊಳೆದುಕೊಂಡ ಜನರ ನಡುವೆ ಇವನೊಬ್ಬ ಆರಡಿ ಮೂರಂಗುಲ. ತಾನು ಹುಟ್ಟುವಾಗ ಸೂಲಗಿತ್ತಿ ಅರ್ಧ ಎಳೆದು ಸುಸ್ತಾಗಿ ನಡುವೆ ಕಾಫಿ ಕುಡಿಯಲು ಎದ್ದುಹೋಗಿದ್ದಳೆಂದು ಅವನೇ ಹೇಳಿಕೊಂಡು ನಗುತ್ತಿದ್ದ. ಊರಿನ ಯಾವ ಅಂಗಡಿಯ ಬಟ್ಟೆಯೂ ಅವನ ಮೈಗೆ ಬರುತ್ತಿರಲಿಲ್ಲ. ಪಾಕಾ ಬಂದ ಮೇಲೆಯೇ ಅವನ ಮಣಿಕಟ್ಟು, ಮೀನಖಂಡಗಳು ಮುಚ್ಚಿದ್ದು. ಉತ್ತರದಲ್ಲೆಲ್ಲೋ ತನ್ನದೇ ಅಳತೆಯ ಒಬ್ಬನೇ ಒಬ್ಬ ಮನುಷ್ಯ ಇದ್ದಾನೆ, ಅವನ ಬಟ್ಟೆಯೇ ತನಗೆ ಬರುತ್ತಿದೆ ಎಂದು ಮುದುಕ ನಂಬಿದ್ದ. "ಅವನು ದಪ್ಪಗಾಗದ ಹಾಗೆ ನೋಡ್ಕೋ ದೇವ್ರೇ" ಎಂದು ಊಟಕ್ಕೆ ಮುಂಚೆ ಪ್ರಾರ್ಥಿಸುತ್ತಿದ್ದ.

ತನ್ನ ಪೆಟ್ಟಿಗೆಯನ್ನು ಎಂಟು ವರ್ಷದ ಹಿಂದೆಯೇ ಮಾಡಿಕೊಂಡು ಹಿಂದಿನ ಕೋಣೆಯಲ್ಲಿ ಇಟ್ಟಿದ್ದ. ಅಷ್ಟು ಜಾಗ ಸುಮ್ಮನೆ ಹಾಳಾಗುತ್ತದಲ್ಲ ಎಂದು ತೆಂಚಾ ಅದರಲ್ಲಿ ಸೋಮವಾರದ ಬಟ್ಟೆಗಳನ್ನು ತುಂಬಿಡುತ್ತಿದ್ದಳು.

ಆ ವರ್ಷ ಫೆಬ್ರವರಿಯಲ್ಲಿ ಮುದುಕ ಮಲಗಿದ. ಐವತ್ತೆರಡು ವರ್ಷದ ಮರದ ಹೊಟ್ಟು ಎದೆಯೊಳಗೆ ಕೂತಿತ್ತು. ಉಸಿರು ಗರಗಸದಂತೆ ಸದ್ದು ಮಾಡುತ್ತಿತ್ತು. ಡಾಕ್ಟರು ತೆಂಚಾಳನ್ನು ಪಕ್ಕಕ್ಕೆ ಕರೆದು, ಈಸ್ಟರ್ ಕಂಡರೆ ಹೆಚ್ಚು ಅಂದರು. ಪಿಸುಮಾತು ಮುದುಕನಿಗೆ ಕೇಳಿಸಿತು. ಅವನ ಕಿವಿ ಎಂಬತ್ಮೂರರಲ್ಲೂ ಚುರುಕು.

"ಪೆಟ್ಟಿಗೆ ಇದೆ, ಅಳೋಕೆ ನೀನಿದೀಯ," ಅಂದ. "ಸೂಟೊಂದು ಬೇಕು ಕಣೇ ತೆಂಚಾ."

"ನಿಮ್ಮ ಕರೀ ಕೋಟು ಇದೆಯಲ್ಲ ಅಪ್ಪಾ?"

"ಅದರ ತೋಳು ಮೊಣಕೈಗೇ ನಿಲ್ಲುತ್ತೆ. ಅಂಥಾದ್ದಕ್ಕೆ ಏನ್ಮಾಡ್ತಾರೆ ಗೊತ್ತಾ? ಬೆನ್ನಿಗೆ ಕತ್ತರಿ ಹಾಕಿ ಉದ್ದಕ್ಕೆ ಸೀಳಿ, ಮುಂದುಗಡೆಯಿಂದ ಹೊದಿಸಿ, ಅಂಚನ್ನ ಬೆನ್ನಡಿಗೆ ತುರುಕಿಬಿಡ್ತಾರೆ. ಎಷ್ಟು ಜನಕ್ಕೆ ನಾನೇ ತುರುಕಿಲ್ಲ! ಎದುರಿಂದ ನೋಡಿದ್ರೆ ದೊಡ್ಡ ಮನುಷ್ಯ, ಹಿಂದಿಂದ ನೋಡಿದ್ರೆ ಬರೀಮೈ. ಪ್ಯಾಂಟೇ ಇಲ್ದೆ ಹೋದೋರೂ ಇದಾರೆ, ತಮ್ಮನಿಗಾಗುತ್ತೆ ಅಂತ ಮನೆಯೋರು ಎತ್ತಿಟ್ಕೊಂಡ್ರು. ನನಗೆ ಅದೆಲ್ಲ ಬೇಡ. ಮುಂದೆ, ಹಿಂದೆ, ಮೇಲೆ, ಕೆಳಗೆ, ಪೂರ್ತಿ ಸೂಟು. ಕತ್ತರಿ ತಾಗದ್ದು."

ರುಬಿದಿಯಾ ಮಧ್ಯೆ ಬಾಯಿ ಹಾಕಿದಳು. "ಮಾವಾ, ಮುಚ್ಚಳ ತೆಗೆಯೋದು ಮೇಲಿನರ್ಧ ಮಾತ್ರ. ಕೆಳಗೆ ಯಾರು ನೋಡ್ತಾರೆ?"

"ಸ್ವರ್ಗದ ಬಾಗಿಲಲ್ಲಿ ಸಂತ ಪೇದ್ರೋ ನೋಡ್ತಾನೆ. ಅವನ ಮುಂದೆ ಚಡ್ಡೀಲಿ ನಿಂತ್ಕೊಳ್ಳಾ?"

ತೆಂಚಾ ಹುಡುಕಿದಳು. ಐದು ಮಂಗಳವಾರ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತಳು. ಮೂಟೆ ಬಿಚ್ಚಿದ್ದೇ ತಡ, ಮರುಮಾರಾಟದವರು ಎರಡೂ ತೋಳಲ್ಲಿ ರಾಶಿಯನ್ನು ಬಾಚಿ ತಬ್ಬಿಕೊಂಡು ಮೂಲೆಗೆ ಓಡುತ್ತಿದ್ದರು. ಬೇಕಾದ್ದು ಬೇಡವಾದ್ದು ಆಮೇಲೆ ನೋಡಿಕೊಳ್ಳುವ ಜಾತಿ ಅದು. ಮೊಣಕೈ ಏಟು, ಕಾಲು ತುಳಿತ, ಫಿನಾಯಿಲ್ಲಿನ ಘಾಟು, ಸರಿಗೆಯಲ್ಲಿ ಸಿಕ್ಕು ಬಿದ್ದ ಹ್ಯಾಂಗರುಗಳು. ಉದ್ದ ಸರಿಯಿದ್ದರೆ ನುಸಿ ತಿಂದದ್ದು, ನುಸಿ ತಿನ್ನದ್ದಾದರೆ ಗಿಡ್ಡ. ಒಂದು ನೀಲಿ ಕೋಟಿನ ಬೆನ್ನಿನಲ್ಲಿ ಆಗಲೇ ಉದ್ದಕ್ಕೆ ಸೀಳಿ ಹೊಲಿದ ಗುರುತಿತ್ತು. ತೆಂಚಾ ಅದನ್ನು ಮುಟ್ಟಿದ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು.

ಆರನೆಯ ಮಂಗಳವಾರ ಸಿಕ್ಕಿತು. ಈಸ್ಟರಿಗೆ ಹಿಂದಿನ ಭಾನುವಾರ ಬರುವ ಗರಿಯ ಹಬ್ಬಕ್ಕೆ ಇನ್ನು ಐದು ದಿನ. ಬೂದು ಬಣ್ಣ, ಕೂದಲೆಳೆಯಷ್ಟು ಸಣ್ಣ ಪಟ್ಟೆ, ಒಳ್ಳೆಯ ಉಣ್ಣೆ, ಒಳಗೆ ರೇಷ್ಮೆಯ ಅಸ್ತರಿ. ಪ್ಯಾಂಟಿನ ಉದ್ದ ಅವಳ ಗಲ್ಲದವರೆಗೆ ಬಂತು. ಮೂಸಿದಳು. ಸ್ವಲ್ಪ ಹೊಗೆಸೊಪ್ಪಿನ ವಾಸನೆ, ಅಷ್ಟೇ. ಎದೆ ಡವಡವ ಹೊಡೆದುಕೊಂಡಿತು, ಮುಖ ಮಾತ್ರ ಹುಣಸೆಹಣ್ಣು ತಿಂದ ಹಾಗೆಯೇ ಇತ್ತು. ಚೀಟಿ ನೋಡಿದಳು. ಇನ್ನೂರು ಕೆಟ್ಸಾಲ್.

ಅವಳ ಬಳಿ ದುಡ್ಡಿತ್ತು, ಇದನ್ನು ಮುಚ್ಚಿಡಬಾರದು. ರವಿಕೆಯೊಳಗಿನ ಚೀಲದಲ್ಲಿ ಮುನ್ನೂರು ಇತ್ತು. ಆದರೆ ಮೂವತ್ತು ವರ್ಷದ ಅಭ್ಯಾಸ ಕೈಯನ್ನು ರವಿಕೆಗೆ ಹೋಗಗೊಡಲಿಲ್ಲ. ಅದು ತಾನಾಗಿಯೇ ಅಡಗುತಾಣ ಹುಡುಕಲು ಹೊರಟಿತು. ಕೋಟು ಪ್ಯಾಂಟು ಜೋಡಿಯಾಗಿದ್ದರೆ ಜನರ ಕಣ್ಣು ಬೀಳುತ್ತದೆ, ಬೇರೆ ಬೇರೆ ಇದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಕೋಟನ್ನು ಬಸುರಿಯರ ಅಗಲವಾದ ಗೌನೊಂದರ ಒಳಗೆ ಸೇರಿಸಿ ಗುಂಡಿ ಹಾಕಿದಳು. ಪ್ಯಾಂಟನ್ನು ಮಡಿಸಿ ಬಾಗಿಲು ಪರದೆಗಳ ನಡುವೆ ತೂರಿಸಿದಳು. ಮನೆಗೆ ಬಂದು ಅಪ್ಪನಿಗೆ ಸುದ್ದಿ ಮುಟ್ಟಿಸಿದಳು.

"ಬೂದು ಬಣ್ಣವಾ?" ಮುದುಕನ ಕಣ್ಣು ಅರಳಿತು. ಆಮೇಲೆ ಗಂಭೀರವಾದ. "ಅಂದ್ರೆ ಅವನು ಸತ್ತ. ಸೂಟನ್ನ ಬದುಕಿರೋನು ಯಾರು ಕೊಟ್ಟಾನು? ಪಾಪ, ನನಗಿಂತ ಮೊದ್ಲೇ ಹೋದ. ಎಲ್ಲಿ, ತೋರಿಸು."

"ಅಂಗಡೀಲಿದೆ. ಸೋಮವಾರ ತರ್ತೀನಿ."

ಮುದುಕ ಮಗಳನ್ನು ದಿಟ್ಟಿಸಿ ನೋಡಿದ. ಕೋಪ ಮಾಡಿಕೊಳ್ಳುತ್ತಾನೆ ಅಂದುಕೊಂಡಳು. ಅವನು ಕೆಮ್ಮುತ್ತಾ ನಕ್ಕ. "ಅಂದ್ರೆ ನಾನು ರಿಯಾಯಿತಿ ದಿನದ ತನಕ ಉಸಿರು ಹಿಡ್ಕೊಂಡಿರ್ಬೇಕು. ಎಂಥಾ ಮಗಳನ್ನ ಹೆತ್ತೆ ಕಣೋ ಮಕಾರಿಯೋ! ಆಗಲಿ, ಹಿಡ್ಕೋತೀನಿ."

ಬುಧವಾರ ಸಂಜೆ ಅವಳು ಬಾಗಿಲಲ್ಲಿ ಕಾಲಿಡುವ ಮೊದಲೇ ಕೂಗಿದ, "ಏನಾಯ್ತು? ಇವತ್ತು ನನ್ನ ಬೆಲೆ ಎಷ್ಟಕ್ಕಿಳೀತು?"

"ನೂರಾ ಅರವತ್ತು."

"ಪರವಾಗಿಲ್ಲ. ಒಂದು ಬಟ್ಟಲು ಗಂಜಿ ಹಾಕು. ಸೋಮವಾರದ ತನಕ ಎಳೀಬೇಕಲ್ಲ."

ಗುರುವಾರ ಬೆಳಿಗ್ಗೆ ತೆಂಚಾ ಬೀದಿಯ ತುದಿಯಲ್ಲಿ ಪಾಚೆ ಕೊಳ್ಳಲು ನಿಂತಿದ್ದಳು. ಗುರುವಾರ ಬಂತೆಂದರೆ ಶೇಲಾದಲ್ಲಿ ಪ್ರತಿ ಮನೆಯಲ್ಲೂ ಆಲೂಗಡ್ಡೆಯ ಆ ಬಿಸಿ ಪೊಟ್ಟಣ ಬಿಚ್ಚಲೇಬೇಕು. ರುಬಿದಿಯಾ ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿಬಂದಳು.

"ಅತ್ತಿಗೇ, ಮಾವನ ತುಟಿ ನೀಲಿ ಆಗಿದೆ. ಉಸಿರು ಸಿಕ್ತಾ ಇಲ್ಲ. ನರ್ಸನ್ನ ಕರೆಸಿದೀನಿ."

ತೆಂಚಾ ಒಳಗೆ ಹೋಗಿ ನೋಡಿದಳು. ಮುದುಕನ ಕೊರಳ ನರ ಹಗ್ಗದಂತೆ ಉಬ್ಬಿತ್ತು. ಮಾತಾಡಲು ಆಗದೆ ಅವನು ಎರಡು ಬೆರಳಿನಿಂದ ಕೋಟಿನ ಎದೆಯಂಚು ಹಿಡಿದ ಹಾಗೆ ಮಾಡಿ ತೋರಿಸಿದ. ಅಷ್ಟೇ. ಅವಳಿಗೆ ತಲೆಗೆ ಬಡಿದಂತಾಯಿತು. ನೂರೈವತ್ತು ಇನ್ನೂರು ಕೆಟ್ಸಾಲ್ ಉಳಿಸಲು ಅಪ್ಪನ ಸಾವನ್ನು ಸಾಲಿನಲ್ಲಿ ನಿಲ್ಲಿಸಿದ್ದೆನಲ್ಲ, ನಾನು ಮನುಷ್ಯಳೇ ಎಂದು ತನ್ನನ್ನೇ ಬೈದುಕೊಳ್ಳುತ್ತಾ ಓಡಿದಳು. ಪಾಚೆ ಕೈಯಲ್ಲೇ ಇತ್ತು.

ಕೋಟು ಬಸುರಿಯ ಗೌನಿನೊಳಗೆ ಭದ್ರವಾಗಿತ್ತು. ಪರದೆಗಳ ನಡುವೆ ಕೈಹಾಕಿದಳು. ಪರದೆ, ಪರದೆ, ಪರದೆ. ಇಡೀ ರಾಶಿಯನ್ನು ನೆಲಕ್ಕೆ ಎಳೆದು ಕೊಡವಿದಳು. ಪ್ಯಾಂಟಿಲ್ಲ.

ಗಲ್ಲಾದಲ್ಲಿ ಕೂತಿದ್ದ ಮಾರ್ಲೇನಿ ಎಂಬ ಹುಡುಗಿ ಎದ್ದು ಬಂದಳು. "ದೋನ್ಯಾ ತೆಂಚಾ, ನೀವೇ ಹೀಗೆ ಮಾಡಿದ್ರೆ ಹೇಗೆ! ಬೂದು ಪಟ್ಟೆ ಪ್ಯಾಂಟಾ? ಅದನ್ನ ಬೆಳಿಗ್ಗೆ ಮೆಕ್ಯಾನಿಕ್ ವಿಲ್ಫ್ರೀದೋ ತಗೊಂಡು ಹೋದ. ಶೆಡ್ಡಿನ ಬಾಗಿಲಿಗೆ ಪರದೆ ನೋಡೋಕೆ ಬಂದಿದ್ದ, ಪ್ಯಾಂಟು ಸಿಕ್ತು ಅಂತ ಕುಣಿದಾಡಿಬಿಟ್ಟ."

"ಅವನ ಹೊಟ್ಟೆಗೆ ಅದು ಮೊಣಕಾಲೂ ದಾಟಲ್ಲವಲ್ಲೇ?"

"ಅವನಿಗಲ್ಲ. ಜುದಾಸನಿಗೆ."

ಕೋಟಿಗೆ ಗುರುವಾರದ ಬೆಲೆ ಎಣಿಸಿಕೊಟ್ಟು ತೆಂಚಾ ಮೂರು ಬೀದಿ ಓಡಿದಳು. ವಿಲ್ಫ್ರೀದೋನ ಶೆಡ್ಡಿನ ಮುಂದೆ ಪ್ರತಿ ವರ್ಷ ಈಸ್ಟರಿಗೆ ಮುಂಚೆ ಒಂದು ಜುದಾಸನ ಬೊಂಬೆ ಕೂರಿಸುತ್ತಾರೆ. ಹೋಗಿ ಬರುವವರೆಲ್ಲ ಅದಕ್ಕೆ ಉಗಿದು, ಒದ್ದು, ಪವಿತ್ರ ಶನಿವಾರ ಅದರ ಹೆಸರಿನಲ್ಲಿ ಬರೆದ ಉಯಿಲು ಓದಿ, ಆಮೇಲೆ ಸುಡುತ್ತಾರೆ. ಅಂದು ಜುದಾಸ ಸಿದ್ಧನಾಗಿ ಕುರ್ಚಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ತಲೆ ಗೋಣಿಚೀಲ, ಮೀಸೆ ಪೊರಕೆಯದು. ಕಾಲಿಗೆ ಅವಳಪ್ಪನ ಪ್ಯಾಂಟು, ಒಳಗೆ ಗಿಡಿದು ತುಂಬಿದ ಜೋಳದ ಸಿಪ್ಪೆ.

ತೆಂಚಾ ಸೀದಾ ಹೋಗಿ ಅವನ ಸೊಂಟಕ್ಕೆ ಕೈಹಾಕಿದಳು.

"ಅಯ್ಯಯ್ಯೋ ದೋನ್ಯಾ ತೆಂಚಾ!" ವಿಲ್ಫ್ರೀದೋ ಗ್ರೀಸು ಮೆತ್ತಿದ ಕೈಯಲ್ಲಿ ಜುದಾಸನ ಇನ್ನೊಂದು ಕಾಲು ಹಿಡಿದುಕೊಂಡ. "ನಡುಬೀದೀಲಿ ಅವನ ಮಾನ ತೆಗೀತೀರಾ?"

"ಮಾನ ಇದ್ದೋನಾದ್ರೆ ಮೂವತ್ತು ಬೆಳ್ಳಿ ಕಾಸಿಗೆ ಯೇಸುವನ್ನ ಮಾರ್ತಿದ್ನಾ? ಬಿಡ್ರೀ ಕಾಲು. ಆ ಗ್ರೀಸ್ ಕೈ ಮೊದ್ಲು ತೆಗೀರಿ!"

"ಇಷ್ಟುದ್ದದ ಪ್ಯಾಂಟು ಈ ಊರಲ್ಲಿ ಯಾವ ಗಂಡಸಿಗೂ ಆಗಲ್ಲ ಅಂತಲೇ ತಂದಿದ್ದು ನಾನು."

"ಒಬ್ಬನಿಗಾಗುತ್ತೆ," ಅಂದಳು ತೆಂಚಾ. ಅಲ್ಲಿಯವರೆಗೆ ತಡೆದಿದ್ದ ಅಳು ಒಮ್ಮೆಗೇ ಬಂತು. "ಅಪ್ಪ ಮನೇಲಿ ಉಸಿರಿಗೆ ಒದ್ದಾಡ್ತಿದಾರೆ. ನಾನು ಐದು ಕೆಟ್ಸಾಲಿಗೆ ಕಾಯ್ತಾ ಕೂತೆ."

ವಿಲ್ಫ್ರೀದೋ ಕಾಲು ಬಿಟ್ಟ. ಅವನ ತಾಯಿಯ ಪೆಟ್ಟಿಗೆಯನ್ನು ಮಾಡಿದವನು ದೋನ್ ಮಕಾರಿಯೋ, ಅದೂ ಅರ್ಧ ದುಡ್ಡಿಗೆ. ಅವನು ಕೈ ಒರೆಸಿಕೊಂಡು ತಾನೇ ಜುದಾಸನ ಗುಂಡಿ ಬಿಚ್ಚಿದ. ಅವಳು ರವಿಕೆಯ ಚೀಲದಿಂದ ದುಡ್ಡು ತೆಗೆಯಹೋದರೆ ತಲೆ ಅಲ್ಲಾಡಿಸಿಬಿಟ್ಟ. "ಇವನಿಗೆ ಬೇರೆ ಏನಾದ್ರೂ ಕಳಿಸಿ, ಸಾಕು. ಹೀಗೇ ಬಿಟ್ರೆ ಪಾದ್ರಿಗಳು ಬಯ್ತಾರೆ." ಮಧ್ಯಾಹ್ನ ತೆಂಚಾ ಶವಪೆಟ್ಟಿಗೆಯಿಂದ ಒಂದು ಹಳದಿ ಹೂವಿನ ಹೆಂಗಸರ ಲೆಗ್ಗಿಂಗ್ಸ್ ತೆಗೆದು ಕಳಿಸಿದಳು. ಆ ವರ್ಷ ನಮ್ಮ ಜುದಾಸನನ್ನು ನೋಡಲು ಪಕ್ಕದ ಬಡಾವಣೆಯಿಂದಲೂ ಜನ ಬಂದರು.

ಅವಳು ಮನೆ ತಲುಪಿದಾಗ ನರ್ಸು ಸೂಜಿ ಚುಚ್ಚಿ, ಮೂಗಿಗೆ ಗಾಳಿಯ ಕೊಳವೆ ಸಿಕ್ಕಿಸಿ ಹೋಗಿದ್ದಳು. ಮುದುಕನ ತುಟಿಗೆ ಬಣ್ಣ ಮರಳಿತ್ತು. ತೆಂಚಾ ಸೂಟನ್ನು ಅವನ ಎದೆಯ ಮೇಲೆ ಹರಡಿದಳು. ಅವನು ಅಸ್ತರಿಯನ್ನು ಸವರಿದ, ಬೆನ್ನಿನ ಹೊಲಿಗೆಯನ್ನು ಬೆರಳಿನಿಂದ ಕೊನೆಯವರೆಗೂ ತಡವಿ ನೋಡಿದ, ಪ್ಯಾಂಟಿನ ಒಳಗಿನಿಂದ ಒಂದು ಜೋಳದ ಸಿಪ್ಪೆ ಎಳೆದು ತೆಗೆದ.

"ಇವತ್ತು ಯಾವ ವಾರ?"

"ಗುರುವಾರ ಅಪ್ಪಾ."

"ಗುರುವಾರದ ಬೆಲೆ ಕೊಟ್ಟೆಯಾ?"

"ಕೊಟ್ಟೆ."

"ಓಹೋ," ಅಂದ ಮುದುಕ. "ಹಾಗಾದ್ರೆ ನಾನು ನಿಜವಾಗ್ಲೂ ಸಾಯ್ತಾ ಇದೀನಿ."

ಆದರೆ ಸಾಯಲಿಲ್ಲ. ಪ್ಯಾಂಟು ಬಿಟ್ಟುಕೊಟ್ಟ ಜುದಾಸನ ಉಯಿಲು ಕೇಳದೆ ಹೋಗುವುದಿಲ್ಲ ಎಂದು ಹಠ ಹಿಡಿದ. ಗರಿಯ ಹಬ್ಬ ದಾಟಿತು, ಪವಿತ್ರ ಶುಕ್ರವಾರ ದಾಟಿತು. ಶನಿವಾರ ಅವನನ್ನು ಸೂಟು ತೊಡಿಸಿ, ಕುರ್ಚಿಯ ಸಮೇತ ಇಬ್ಬರು ಎತ್ತಿಕೊಂಡು ಹೋಗಿ ಶೆಡ್ಡಿನ ಮುಂದೆ ಕೂರಿಸಿದರು. ಕೋಟು ಭುಜಕ್ಕೆ ಹೇಳಿ ಹೊಲಿಸಿದ ಹಾಗೆ ಕೂತಿತ್ತು. ಕಾಲಿಗೆ ಮಾತ್ರ ಟೈರಿನ ಚಪ್ಪಲಿ. ವಿಲ್ಫ್ರೀದೋ ಜುದಾಸನ ಉಯಿಲು ಓದಿದ. ನಾಲಿಗೆಯನ್ನು ರುಬಿದಿಯಾಳಿಗೂ, ಬೆಳ್ಳಿ ಕಾಸನ್ನು ನಗರಸಭೆಗೂ ಬಿಟ್ಟುಹೋಗಿದ್ದ ಜುದಾಸ, ಕೊನೆಯಲ್ಲಿ ಹೀಗೆ ಬರೆಸಿದ್ದ: "ನನ್ನ ಪ್ಯಾಂಟು ದೋನ್ ಮಕಾರಿಯೋಗೆ. ನರಕದಲ್ಲಿ ಸೆಖೆ, ಉಣ್ಣೆ ಬೇಕಾಗಿಲ್ಲ. ಅವನು ಮೇಲಕ್ಕೆ ಹೋಗುವವನು, ಅಲ್ಲಿ ಚಳಿಯಂತೆ." ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು. ಮುದುಕ ನಕ್ಕು ನಕ್ಕು ಕೆಮ್ಮಿ, ಮತ್ತೊಮ್ಮೆ ಓದಿಸಿದ.

ಮನೆಗೆ ಬಂದ ಮೇಲೆ ಅವನು ಸದ್ದಿಲ್ಲದೆ ಬದಲಾದ. ಪೆಟ್ಟಿಗೆಯಲ್ಲಿದ್ದ ಬಟ್ಟೆಗಳನ್ನೆಲ್ಲ ತೆಗೆಸಿ, ಧೂಳು ಒರೆಸಿಸಿ, ಸೂಟನ್ನು ಅದರೊಳಗೆ ಮಡಿಸಿಡಿಸಿದ. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದ. ಭಾನುವಾರ ಗಂಜಿ ಬೇಡವೆಂದ. ಸೋಮವಾರ ನೀರು ಮಾತ್ರ ಕುಡಿದ. ನೋವೇನಾದರೂ ಇದೆಯೇ ಎಂದರೆ ಇಲ್ಲವೆಂದ.

"ಒಂದು ತುತ್ತು ತಿನ್ನಿ ಅಪ್ಪಾ."

"ಯಾಕೆ ಮಗಳೇ? ಎಲ್ಲಾ ತಯಾರಾಗಿದೆ. ಇನ್ನೇನೂ ಬಾಕಿ ಇಲ್ಲ."

ಸಂಜೆ ತೆಂಚಾ ಹೊರಗಿನಿಂದ ಬಂದಾಗ ಯಾರೂ ಏನೂ ಕೂಗಿ ಕೇಳಲಿಲ್ಲ. ಬಾಗಿಲಲ್ಲೇ ಅವಳ ಕಾಲು ನಿಂತಿತು. ಬೆಲೆ ಎಷ್ಟಕ್ಕಿಳೀತು ಎಂದು ಕೂಗಿದ ಆ ಬುಧವಾರ ಮುದುಕ ಒಂದು ಬಟ್ಟಲು ಪೂರ್ತಿ ಗಂಜಿ ಕುಡಿದಿದ್ದ. ಡಾಕ್ಟರ ಈಸ್ಟರನ್ನು ಅವನು ದಾಟಿದ್ದು ಔಷಧಿಯಿಂದಲ್ಲ. ಮೊದಲು ಸೂಟು, ಆಮೇಲೆ ಉಯಿಲು, ಅವನಿಗೆ ಯಾವುದೋ ಒಂದು ಬರಬೇಕಾದ್ದು ಬಾಕಿಯಿತ್ತು, ಅದಕ್ಕೆ. ಈಗ ಉಯಿಲೂ ಮುಗಿದಿತ್ತು, ಸೂಟನ್ನು ಅವಳೇ ತಂದು ಇನ್ನು ಹೊರಡು ಎಂದು ಕೈಗೆ ಕೊಟ್ಟ ಹಾಗಾಗಿತ್ತು. ಅವಳಿಗೆ ಹೆದರಿಕೆಯಾಯಿತು. ಬಂದು ಮಂಚದ ಕಾಲಬುಡದಲ್ಲಿ ನಿಂತಳು. ಹೊದಿಕೆಯಾಚೆ ಎರಡು ಪಾದಗಳು ಚಾಚಿಕೊಂಡಿದ್ದವು.

"ಅಪ್ಪಾ, ಬೂಟು?"

ಮುದುಕ ತಿರುಗಲಿಲ್ಲ. "ಏನು ಬೂಟು?"

"ಅಂಥಾ ಸೂಟಿಗೆ ಟೈರ್ ಚಪ್ಪಲಿ ಹಾಕ್ಕೊಂಡು ಹೋಗ್ತೀರಾ? ಸಂತ ಪೇದ್ರೋ ನಗಲ್ವಾ?"

ಮಂಚ ಕಿರುಗುಟ್ಟಿತು. ಮುದುಕ ಮೊಣಕೈ ಊರಿ ಎದ್ದು ತನ್ನ ಪಾದಗಳನ್ನೇ ನೋಡಿಕೊಂಡ.

"ಹೌದಲ್ವೇ," ಅಂದ. "ನಲವತ್ತಾರನೇ ನಂಬರು. ಸಿಗುತ್ತಾ?"

"ನಾಳೆ ಹೊಸ ಮೂಟೆ."

ಮರುದಿನ ಮೂಟೆ ಬಿಚ್ಚಿ ಅರ್ಧ ಗಂಟೆಯೂ ಆಗಿರಲಿಲ್ಲ, ಸಿಕ್ಕಿಬಿಟ್ಟಿತು. ಮೂವತ್ತು ವರ್ಷದಲ್ಲಿ ಅವಳು ಅಂಥ ಜೋಡಿ ಕಂಡಿರಲಿಲ್ಲ. ಕಪ್ಪು ಚರ್ಮ, ಗಟ್ಟಿ ಹೊಲಿಗೆ, ಸವೆಯದ ಅಟ್ಟೆ, ನಲವತ್ತಾರು. ತೆಂಚಾ ಅದನ್ನು ಕೈಯಲ್ಲಿ ಹಿಡಿದು ನಿಂತಳು. ಆಮೇಲೆ ಒಂದನ್ನು ಕೂಸುಗಳ ಚಪ್ಪಲಿ ಬುಟ್ಟಿಯ ತಳಕ್ಕೂ, ಇನ್ನೊಂದನ್ನು ರಬ್ಬರ್ ಬೂಟುಗಳ ಹಿಂದಕ್ಕೂ ತಳ್ಳಿ ಮನೆಗೆ ಬಂದಳು.

"ಸಿಕ್ತಾ?" ಒಳಗಿನಿಂದ ಕೂಗು.

"ಇಲ್ಲ ಅಪ್ಪಾ. ಎಲ್ಲಾ ಗಿಡ್ಡ ಕಾಲಿನೋರದ್ದೇ."

"ಥತ್! ನಾಳೆ ಸರಿಯಾಗಿ ನೋಡು. ಸ್ವಲ್ಪ ಗಂಜಿ ಇದೆಯಾ?"

ಅವಳು ದಿನಾ ಹೋದಳು, ದಿನಾ ಬೂಟುಗಳ ಜಾಗ ಬದಲಿಸಿದಳು, ದಿನಾ ಇಲ್ಲವೆಂದು ಬಂದಳು. ಮುದುಕ ದಿನಾ ಬೈದ, ಬೈದು ಹಸಿವಾಗಿ ಉಂಡ. ಗುರುವಾರ ಒಂದು ಪೂರ್ತಿ ಪಾಚೆ ತಿಂದ. ಬೆಲೆ ಇಳಿಯುವುದನ್ನು ತೆಂಚಾ ಜೀವನದಲ್ಲಿ ಮೊದಲ ಬಾರಿ ಹೆದರುತ್ತಾ ನೋಡಿದಳು.

ಸೋಮವಾರ ಸಂಜೆ ಗೋಣಿ ತುಂಬುವ ಹೊತ್ತಿಗೆ ಅವಳ ಕೈಯಲ್ಲಿ ಎರಡೂ ಬೂಟುಗಳಿದ್ದವು. ಬೆಲೆ ಐದು ಕೆಟ್ಸಾಲ್. ಮಾರ್ಲೇನಿ ನೋಡಿದಳು.

"ಅಬ್ಬಾ, ಎಂಥಾ ಬೂಟು! ದೋನ್ಯಾ ತೆಂಚಾ, ಇದು ನಿಮ್ಮಪ್ಪನ ಅಳತೇನೇ ಅಲ್ವಾ?"

"ಅಲ್ಲ," ಅಂದಳು ತೆಂಚಾ. "ಒಂದು ನಂಬರು ಚಿಕ್ಕದು." ತಾನೇ ಬಗ್ಗಿ ಅವನ್ನು ಗೋಣಿಯೊಳಗೆ ಹಾಕಿ, ಮೇಲೆ ನಾಲ್ಕು ಪರದೆ ತುರುಕಿ, ಬಾಯಿ ಕಟ್ಟಲು ಹಗ್ಗ ಹಿಡಿದುಕೊಟ್ಟಳು.

ಮನೆಯಲ್ಲಿ ಮುದುಕ ದಿಂಬಿಗೆ ಒರಗಿ ಕೂತಿದ್ದ. ಖಾಲಿ ಕೈ ನೋಡಿ ಮುಖ ಸಿಂಡರಿಸಿದ.

"ಏಳು ದಿನಕ್ಕೆ ಒಂದು ಜೊತೆ ಬೂಟು ಹುಡುಕೋಕಾಗ್ಲಿಲ್ಲ! ನಿನ್ನ ಕಣ್ಣು ಮಂಜಾಯ್ತು ಕಣೇ ತೆಂಚಾ. ನಿನಗೂ ವಯಸ್ಸಾಯ್ತು."

"ಹೌದಪ್ಪಾ."

"ನಾಳೆ ಮಂಗಳವಾರ ಅಲ್ವಾ? ಬೇಗ ಹೋಗು, ಬಾಗಿಲು ತೆಗೆಯೋ ಮೊದ್ಲೇ ನಿಂತಿರು. ಕಪ್ಪು ಸಿಗದಿದ್ರೆ ಕಂದು ಬಣ್ಣದ್ದಾದ್ರೂ ನೋಡು. ಇದ್ದಿದ್ದರಲ್ಲಿ ಹೇಗೋ ಆಗುತ್ತೆ."

ತೆಂಚಾ ಗಂಜಿಯ ಬಟ್ಟಲು ಅವನ ಕೈಗೆ ಕೊಟ್ಟು, ಹೊದಿಕೆಯನ್ನು ಪಾದದ ಮೇಲೆ ಎಳೆದಳು.

"ಕಪ್ಪೇ ಬೇಕು ಅಪ್ಪಾ," ಅಂದಳು. "ಆ ಸೂಟಿಗೆ ಕಂದು ಒಪ್ಪಲ್ಲ."